ಹತ್ತನೇ ಮಹಡಿಯಲ್ಲೊಂದು ಮರ: ಎತ್ತರದ ಕಟ್ಟಡಕ್ಕೆ ಹಸಿರು ಸೇರಿಸುವ ಸಮಗ್ರ ಮಾರ್ಗದರ್ಶಿ

ಐದು ಮೀಟರ್ ಎತ್ತರದ ಒಂದು ಮರವನ್ನು ಬಾಲ್ಕನಿಯಲ್ಲಿ ನಿಲ್ಲಿಸಬೇಕೆಂದರೆ ತೊಟ್ಟಿ, ಮಣ್ಣು, ನೀರು ಎಲ್ಲ ಸೇರಿ ಏಳು ಟನ್ ದಾಟುತ್ತದೆ. ಅದರಲ್ಲಿ ಮರದ ಪಾಲು ಇಪ್ಪತ್ತರಲ್ಲಿ ಒಂದಕ್ಕೂ ಕಡಿಮೆ. ಹಾಗಾಗಿ ಎತ್ತರದ ಕಟ್ಟಡದಲ್ಲಿ ಮರ ಎಂದರೆ ಮೊದಲು ಭಾರ, ಆಮೇಲೆ ಗಾಳಿ, ಆಮೇಲೆ ನೀರು. ಹಸಿರಿನ ಮಾತು ಕೊನೆಗೆ. ಕಂಬ, ತೊಲೆ, ಪೈಪುಗಳ ನಕ್ಷೆ ಮುಗಿದ ಮೇಲೆ ತೋಟಗಾರನನ್ನು ಕರೆಸಿದರೆ ಅವನ ಪಾಲಿಗೆ ಉಳಿಯುವುದು ಒಂದಡಿ ಆಳದ ಕುಂಡಗಳು ಮಾತ್ರ. ಅದರಲ್ಲಿ ಮರ ಬೆಳೆಯುವುದಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್, ಪ್ಲಂಬಿಂಗ್ ವಿನ್ಯಾಸಕಾರ, ಮರಗಿಡ ಬಲ್ಲವರು ಮೂವರೂ ಮೊದಲ ನಕ್ಷೆಯ ದಿನವೇ ಒಂದೇ ಮೇಜಿನ ಸುತ್ತ ಕೂರಬೇಕು. ಕೆಳಗಿನ ಹಂತಗಳಲ್ಲಿ, ಮೊದಲ ಮೂರು ಪ್ರಶ್ನೆಗಳು ಮುಗಿದ ಮೇಲೆ, ಭಾರ, ಗಾಳಿ, ನೀರು ಅದೇ ಕ್ರಮದಲ್ಲಿ ಬರುತ್ತವೆ.

ಹಂತ 1: ಕೊಂಬೆ ಸವರುವವರು ಯಾವ ದಾರಿಯಲ್ಲಿ ಬರುತ್ತಾರೆ?

ನಿರ್ವಹಣೆಯ ಮಾತು ಕೊನೆಗಿರಲಿ ಎನ್ನುವವರೇ ಹೆಚ್ಚು. ನಾವು ಅದನ್ನು ಮೊದಲಿಗೆ ಇಡುತ್ತೇವೆ, ಏಕೆಂದರೆ ಮರದ ಜಾಗವನ್ನು ತೀರ್ಮಾನಿಸುವುದೇ ಅದು. ಪ್ರತಿ ಮರಕ್ಕೂ ವರ್ಷಕ್ಕೆ ಎರಡರಿಂದ ನಾಲ್ಕು ಸಲ ಕೈ ತಾಗಬೇಕು. ಒಳಬದಿಯ ಕೆಲಸ ಬಾಲ್ಕನಿಯಿಂದಲೇ ಆಗುತ್ತದೆ. ಪ್ಯಾರಾಪೆಟ್ಟಿನಾಚೆ ಚಾಚಿದ ಕೊಂಬೆಗಳಿಗೆ ಮೇಲಿನಿಂದ ಹಗ್ಗದಲ್ಲಿ ಇಳಿದು ಬರುವವರು ಬೇಕು, ಇಲ್ಲವೇ ಮಾಳಿಗೆಯಿಂದ ತೂಗುವ ತೊಟ್ಟಿಲು ಬೇಕು. ಹಗ್ಗದ ದಾರಿಯಾದರೆ ಮಾಳಿಗೆಯ ಅಂಚಿನುದ್ದಕ್ಕೂ ಪರೀಕ್ಷಿಸಿದ ಆಂಕರ್‌ಗಳನ್ನು (ಹಗ್ಗ ಸಿಕ್ಕಿಸುವ ಕೊಂಡಿಗಳನ್ನು) ಕಾಂಕ್ರೀಟ್ ಹಾಕುವಾಗಲೇ ಹೂಳಿಡಬೇಕು.

ಮಿಲಾನಿನಲ್ಲಿ 2014ರಲ್ಲಿ ಮುಗಿದ ಬಾಸ್ಕೊ ವರ್ಟಿಕಾಲೆ ಇದಕ್ಕೆ ಒಳ್ಳೆಯ ಉದಾಹರಣೆ. ವಾಸ್ತುಶಿಲ್ಪಿ ಸ್ಟೆಫಾನೊ ಬೊಯೆರಿ ಅವರ ಈ ಎರಡು ವಸತಿ ಗೋಪುರಗಳಲ್ಲಿ ಸುಮಾರು 800 ಮರಗಳಿವೆ. ಜೊತೆಗೆ ಸಾವಿರಾರು ಪೊದೆ, ನೆಲಹೊದಿಕೆ ಗಿಡಗಳು. ಮನೆಯ ಮಾಲೀಕರು ಮರಕ್ಕೆ ಕತ್ತರಿ ಹಾಕುವಂತಿಲ್ಲ. ಹಗ್ಗ ಹಿಡಿದು ಇಳಿಯುವ ತರಬೇತಾದ ತೋಟಗಾರರ ಒಂದೇ ತಂಡ ಇಡೀ ಕಟ್ಟಡವನ್ನು ನೋಡಿಕೊಳ್ಳುತ್ತದೆ. ತದ್ವಿರುದ್ಧ ಉದಾಹರಣೆ ಚೀನಾದ ಚೆಂಗ್ಡು ನಗರದ್ದು. ಅಲ್ಲಿನ ಎಂಟು ಗೋಪುರಗಳ ವಸತಿ ಸಮುಚ್ಚಯದಲ್ಲಿ ಬೆರಳೆಣಿಕೆಯ ಕುಟುಂಬಗಳು ಮಾತ್ರ ವಾಸಕ್ಕೆ ಬಂದವು. ಬಾಲ್ಕನಿಗಳಲ್ಲಿ ಗಿಡಗಳು ಎಗ್ಗಿಲ್ಲದೆ ಬೆಳೆದು, ಸೊಳ್ಳೆ ಕಾಟ ಹೆಚ್ಚಿ, 2020ರಲ್ಲಿ ಅದು ಜಗತ್ತಿನೆಲ್ಲೆಡೆ ಸುದ್ದಿಯಾಯಿತು. ಗಿಡಗಳು ಅಲ್ಲಿ ಚೆನ್ನಾಗಿಯೇ ಬೆಳೆದಿದ್ದವು, ಕೈಯಾಡಿಸುವವರಿರಲಿಲ್ಲ ಅಷ್ಟೆ.

ಆದ್ದರಿಂದ ಮಾರಾಟದ ಕರಾರಿನಲ್ಲೇ ಬರೆದಿಡಿ: ತೊಟ್ಟಿ, ಮಣ್ಣು, ಮರ, ನೀರಿನ ಪೈಪು ಎಲ್ಲವೂ ಕಟ್ಟಡದ ಸಾಮೂಹಿಕ ಆಸ್ತಿ, ತೋಟಗಾರರಿಗೆ ಬಾಲ್ಕನಿಗೆ ಬರುವ ಹಕ್ಕಿದೆ, ಖರ್ಚು ಎಲ್ಲರ ಮೇಲೂ ಹಂಚಿಕೆಯಾಗುತ್ತದೆ. ಮನೆಮನೆಗೆ ಒಪ್ಪಿಸಿದ ಮರಗಳಲ್ಲಿ ಕೆಲವಕ್ಕೆ ದಿನಕ್ಕೆ ಮೂರು ಸಲ ನೀರು ಸಿಗುತ್ತದೆ, ಕೆಲವಕ್ಕೆ ಮೂರು ತಿಂಗಳಿಗೊಮ್ಮೆ.

ಹಂತ 2: ಮರವೇ ಬೇಕೆ?

ಎಲ್ಲ ಕಡೆಯೂ ಬೇಡ. ನೆರಳು, ತಂಪು, ಕಣ್ಣಿಗೆ ಹಸಿರು ಇಷ್ಟೇ ಗುರಿಯಾದರೆ ಜಾಲರಿಗೆ ಹಬ್ಬುವ ಬಳ್ಳಿ ಮರಕ್ಕಿಂತ ಎಷ್ಟೋ ಹಗುರ. ಸಿಂಗಾಪುರದ ಓಯೇಸಿಯಾ ಹೋಟೆಲ್ ಡೌನ್‌ಟೌನ್ 2016ರಲ್ಲಿ ಈ ದಾರಿ ಹಿಡಿಯಿತು: ಗೋಪುರದ ಸುತ್ತ ಕೆಂಪು ಅಲ್ಯೂಮಿನಿಯಂ ಜಾಲರಿ, ಅದರ ಮೇಲೆ 21 ಜಾತಿಯ ಬಳ್ಳಿಗಳು. ಒಂದು ಜಾತಿ ಸೊರಗಿದರೆ ಪಕ್ಕದ್ದು ಆ ಜಾಗ ತುಂಬುತ್ತದೆ. ಬಳ್ಳಿಗೆ 450 ಮಿ.ಮೀ. ಆಳದ ಮಣ್ಣು ಸಾಕು. ಗೋಡೆಗೂ ಜಾಲರಿಗೂ ನಡುವೆ ಒಬ್ಬರು ನಡೆದಾಡುವಷ್ಟು, ಅಂದರೆ 600 ಮಿ.ಮೀ.ಗೆ ಕಡಿಮೆಯಿಲ್ಲದ ಜಾಗ ಬಿಟ್ಟರೆ ನಿರ್ವಹಣೆಯೂ ಸಲೀಸು.

ಇಂಗಾಲ ಹೀರಲೆಂದೇ ಬಾಲ್ಕನಿಯಲ್ಲಿ ಮರ ಎನ್ನುವ ವಾದ ಮಾತ್ರ ಲೆಕ್ಕಕ್ಕೆ ನಿಲ್ಲುವುದಿಲ್ಲ. ಒಂದು ಘನ ಮೀಟರ್ ಕಾಂಕ್ರೀಟಿನ ತಯಾರಿಕೆಯಲ್ಲೇ ಸುಮಾರು 300 ಕಿ.ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಕಬ್ಬಿಣದ್ದು ಬೇರೆ. ತೊಟ್ಟಿಯಲ್ಲಿ ಬೆಳೆಯುವ ಸಣ್ಣ ಮರ ಅದನ್ನು ತೀರಿಸಲು ದಶಕಗಳೇ ಬೇಕು. ನೆರಳು, ಆವಿಯ ತಂಪು, ಧೂಳು ತಡೆ, ಹಕ್ಕಿಗಳಿಗೆ ನೆಲೆ ಇವೇ ನಿಜವಾದ ಲಾಭ. ಗ್ರಾಹಕರಿಗೂ ಹಾಗೆಯೇ ಹೇಳಿ.

ಹಂತ 3: ಬಿಸಿಲು, ಮಳೆ, ಮೇಲ್ಗಡೆಯ ತೆರವು

ಕಟ್ಟಡದ ನಾಲ್ಕೂ ಮುಖಗಳಿಗೆ ವರ್ಷದ ಅತಿ ಉದ್ದದ, ಅತಿ ಮೊಟಕಿನ ಹಗಲುಗಳೆರಡರಲ್ಲೂ ಎಷ್ಟು ಗಂಟೆ ನೇರ ಬಿಸಿಲು ಬೀಳುತ್ತದೆ ಎಂದು ಕಂಪ್ಯೂಟರ್ ಮಾದರಿಯಲ್ಲಿ ನೋಡಿ. ಹೂಬಿಡುವ ಮರಗಳಿಗೆ ಐದಾರು ಗಂಟೆ ಬೇಕು. ನಾಲ್ಕಕ್ಕಿಂತ ಕಡಿಮೆಯಿದ್ದಲ್ಲಿ ನೆರಳು ತಾಳುವ ಪೊದೆಗಳಿಗೆ ಇಳಿಯಿರಿ. ಎದುರಿನ ಕಟ್ಟಡದ ಗಾಜನ್ನೂ ಮಾದರಿಯಲ್ಲಿ ಸೇರಿಸಿ. ಅದರಿಂದ ತಿರುಗಿ ಬರುವ ಬಿಸಿಲು ಎಲೆಯನ್ನು ಒಂದೇ ಮಧ್ಯಾಹ್ನದಲ್ಲಿ ಸುಡಬಲ್ಲದು. ಬೆಳಕು ಸಾಲದ ಕಡೆಗೆ ಬೆಳಕನ್ನೇ ಕಳಿಸಿದವರೂ ಇದ್ದಾರೆ: ಸಿಡ್ನಿಯ ಒನ್ ಸೆಂಟ್ರಲ್ ಪಾರ್ಕ್‌ನಲ್ಲಿ ಎತ್ತರದಿಂದ ಹೊರಚಾಚಿದ ಕನ್ನಡಿಗಳು ಬಿಸಿಲನ್ನು ಕೆಳಗಿನ ನೆರಳಿಗೆ ತಿರುಗಿಸುತ್ತವೆ. ಅಷ್ಟು ಖರ್ಚು ಮಾಡುವ ಬದಲು ತೊಟ್ಟಿಯ ಜಾಗ ಬದಲಿಸುವುದು ಸುಲಭ.

ಮಹಡಿಯಿಂದ ಮಹಡಿಗೆ ಮೂರು ಮೀಟರ್ ಇದ್ದರೆ ಐದು ಮೀಟರ್ ಮರಕ್ಕೆ ತಲೆ ಎತ್ತಲು ಜಾಗವಿಲ್ಲ. ಬಾಲ್ಕನಿಗಳನ್ನು ಒಂದರ ಮೇಲೊಂದು ಬಾರದಂತೆ ಹೆಣೆದು, ಮರದ ತೊಟ್ಟಿಯ ಮೇಲೆ ಕನಿಷ್ಠ ಎರಡು ಮಹಡಿ, ಸಾಧ್ಯವಾದರೆ ಮೂರು ಮಹಡಿ ತೆರವಾಗಿರಲಿ. ಇದರಿಂದ ಒಂದಿಷ್ಟು ಮಳೆಯೂ ಸಿಗುತ್ತದೆ. ಆದರೂ ನೀರಿನ ಲೆಕ್ಕ ಹಾಕುವಾಗ ಮಳೆಯನ್ನು ಸೊನ್ನೆ ಎಂದೇ ಹಿಡಿಯಿರಿ. ಗೋಡೆಗುಂಟ ಬರುವ ಗಾಳಿ ಮಳೆಹನಿಯನ್ನು ಎತ್ತ ಒಯ್ಯುತ್ತದೋ ಹೇಳಲಾಗದು.

ಹಂತ 4: ಭಾರದ ಲೆಕ್ಕ

ಐದು ಮೀಟರಿನವರೆಗಿನ ಮರಕ್ಕೆ ಮಣ್ಣಿನ ಆಳ 900ರಿಂದ 1000 ಮಿ.ಮೀ. ಬೇಕು, ಪೊದೆಗೆ 450ರಿಂದ 600, ನೆಲಹೊದಿಕೆಗೆ 200ರಿಂದ 300. ಆಳಕ್ಕಿಂತ ಮುಖ್ಯವಾದದ್ದು ಒಟ್ಟು ಮಣ್ಣು. ಕೊಂಬೆಗಳ ಹರವಿನ ನೆರಳು ನೆಲದಲ್ಲಿ ಎಷ್ಟು ಚದರ ಮೀಟರ್ ಆಗುತ್ತದೋ ಅದರ ಪ್ರತಿ ಚದರ ಮೀಟರಿಗೆ 0.3ರಿಂದ 0.6 ಘನ ಮೀಟರ್ ಮಣ್ಣು ಎಂಬುದು ಬಳಕೆಯಲ್ಲಿರುವ ಅಂದಾಜು. 2.5 ಮೀಟರ್ ಹರವಿನ ಮರಕ್ಕೆ ನೆರಳು ಸುಮಾರು 4.9 ಚದರ ಮೀಟರ್. ಅಂದರೆ ಒಂದೂವರೆಯಿಂದ ಮೂರು ಘನ ಮೀಟರ್ ಮಣ್ಣು.

ಈಗ ಒಳ ಅಳತೆ 3 ಮೀಟರ್ ಉದ್ದ, 1.1 ಮೀಟರ್ ಅಗಲ, 1.1 ಮೀಟರ್ ಆಳದ ಕಾಂಕ್ರೀಟ್ ತೊಟ್ಟಿಯೊಂದನ್ನು ತೂಗಿ ನೋಡೋಣ.

– ಮಣ್ಣು 950 ಮಿ.ಮೀ. ತುಂಬಿದರೆ 3.1 ಘನ ಮೀಟರ್. ಹಗುರ ಮಿಶ್ರಣ ನೀರು ಕುಡಿದಾಗ ಘನ ಮೀಟರಿಗೆ 1,300 ಕಿ.ಗ್ರಾಂ, ಒಟ್ಟು ಸುಮಾರು 4,080 ಕಿ.ಗ್ರಾಂ.
– 120 ಮಿ.ಮೀ. ದಪ್ಪದ ನಾಲ್ಕು ಗೋಡೆಗಳು: 1.15 ಘನ ಮೀಟರ್ ಕಾಂಕ್ರೀಟ್, ಸುಮಾರು 2,870 ಕಿ.ಗ್ರಾಂ.
– ಬಸಿಯುವ ಪದರ, ಮೇಲಿನ ಮುಚ್ಚಿಗೆ: 125 ಕಿ.ಗ್ರಾಂ.
– ಬೆಳೆದ ಮರದ ಕಾಂಡ, ಕೊಂಬೆ: 300 ಕಿ.ಗ್ರಾಂ.

ಒಟ್ಟು 7.4 ಟನ್. ತೊಟ್ಟಿ ಕೂತ ಜಾಗ 4.3 ಚದರ ಮೀಟರ್ ಆದ್ದರಿಂದ ಚದರ ಮೀಟರಿಗೆ 1,700 ಕಿ.ಗ್ರಾಂ. ಮಾಮೂಲಿ ವಸತಿ ಬಾಲ್ಕನಿಯನ್ನು ಚದರ ಮೀಟರಿಗೆ 300–400 ಕಿ.ಗ್ರಾಂ ಹೊರಲೆಂದು ಕಟ್ಟಿರುತ್ತಾರೆ. ಸಿದ್ಧವಿರುವ ಕಟ್ಟಡದ ಬಾಲ್ಕನಿಗೆ ಮರದ ತೊಟ್ಟಿ ತಂದಿಡುವುದು ಏಕೆ ಅಪಾಯ ಎಂಬುದಕ್ಕೆ ಇಷ್ಟು ಸಾಕು. ಇನ್ನೊಂದು ಮಾತು: ಹಗುರ ಮಿಶ್ರಣದ ಬದಲು ತೋಟದ ಮಣ್ಣು ತುಂಬಿದರೆ ಒದ್ದೆಯಾದಾಗ ಅದು ಘನ ಮೀಟರಿಗೆ 1,900 ಕಿ.ಗ್ರಾಂ ಮುಟ್ಟುತ್ತದೆ, ಇದೇ ತೊಟ್ಟಿಗೆ ಸುಮಾರು 1.9 ಟನ್ ಹೆಚ್ಚಾಯಿತು. ಮುಂದೆ ಯಾರೋ ಮಣ್ಣು ಕುಸಿದಿದೆಯೆಂದು ಲಾರಿ ಮಣ್ಣು ತಂದು ಸುರಿಯದಂತೆ ತೊಟ್ಟಿಯ ಒಳಗೋಡೆಗೆ ಒಂದು ಫಲಕ ಹಚ್ಚಿಡಿ: ಗರಿಷ್ಠ ಮಣ್ಣಿನ ಮಟ್ಟ, ಮಿಶ್ರಣದ ಒದ್ದೆ ತೂಕ.

ತೊಟ್ಟಿ ಕ್ಯಾಂಟಿಲಿವರಿನ, ಅಂದರೆ ಒಂದೇ ಬದಿಯ ಆಸರೆಯಲ್ಲಿ ಹೊರಚಾಚಿದ ಸ್ಲ್ಯಾಬಿನ ತುದಿಯಲ್ಲಿದ್ದರೆ ಲೆಕ್ಕ ಇನ್ನೂ ಬಿಗಿ. ಮೂರು ಮೀಟರ್ ಚಾಚಿದ ಸ್ಲ್ಯಾಬಿನ ತುದಿಗೆ ಈ ತೊಟ್ಟಿ ಇಟ್ಟರೆ ಅದೊಂದೇ ಬುಡದಲ್ಲಿ 170 ಕಿಲೋನ್ಯೂಟನ್-ಮೀಟರಿನಷ್ಟು ಬಾಗುಬಲ ತರುತ್ತದೆ. ಬಾಸ್ಕೊ ವರ್ಟಿಕಾಲೆಯಲ್ಲಿ ಮೂರು ಮೀಟರಿಗೂ ಮೀರಿ ಚಾಚಿದ ಬಾಲ್ಕನಿಗಳಿಗೆ ಪೋಸ್ಟ್-ಟೆನ್ಷನ್ ಮಾಡಿದ (ಕಾಂಕ್ರೀಟ್ ಗಟ್ಟಿಯಾದ ಮೇಲೆ ಒಳಗಿನ ಸ್ಟೀಲ್ ಹಗ್ಗಗಳನ್ನು ಎಳೆದು ಬಿಗಿದ) ಸ್ಲ್ಯಾಬ್ ಬಳಸಿದ್ದು ಇದೇ ಕಾರಣಕ್ಕೆ. ಬಜೆಟ್ ಬಿಗಿಯಿದ್ದರೆ ಮರಗಳನ್ನು ಕಂಬದ ಮೇಲೆ, ತೊಲೆಯ ಮೇಲೆ ಅಥವಾ ಕಟ್ಟಡ ಒಳಸರಿಯುವ ಮಹಡಿಗಳ ತೆರೆದ ಜಗಲಿಯಲ್ಲಿ ಇರಿಸಿ. ತುದಿಗೆ ಪೊದೆ, ಬಳ್ಳಿ ಸಾಕು.

ಕ್ಯಾಂಟಿಲಿವರ್ ಕಾಲ ಕಳೆದಂತೆ ತುದಿಯಲ್ಲಿ ಜಗ್ಗುತ್ತದೆ. ಮೂರು ಮೀಟರಿಗೆ 15 ಮಿ.ಮೀ. ಜಗ್ಗಿದರೆ ನೆಲ ಸರಾಸರಿ 0.5%, ತುದಿಯ ಕಡೆ ಸುಮಾರು 0.67% ಹೊರಕ್ಕೆ ವಾಲುತ್ತದೆ. ಒಳಮುಖವಾಗಿ 1% ವಾಟ ಕೊಟ್ಟಿದ್ದರೆ ಅದರಲ್ಲಿ ಮೂರರಲ್ಲೆರಡು ಪಾಲು ಹೋಯಿತು. ಬಸಿಯುವ ಕಿಂಡಿಯತ್ತ ನೀರು ಹರಿಯದೆ ಮೂಲೆಯಲ್ಲಿ ನಿಂತು ಬೇರು ಕೊಳೆಯುವುದು ಹೀಗೆ, ಕಟ್ಟಿದ ಮೂರು ನಾಲ್ಕು ವರ್ಷಕ್ಕೆ. ವಾಟ 2% ಇರಲಿ.

ಹಂತ 5: ಗಾಳಿ

ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗವನ್ನು ಅದರಿಂದಲೇ ಗುಣಿಸಿ 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಎಂದು ಸಿಗುತ್ತದೆ. ಸೆಕೆಂಡಿಗೆ 40 ಮೀಟರ್, ಅಂದರೆ ಗಂಟೆಗೆ 144 ಕಿ.ಮೀ. ಬಿರುಗಾಳಿಗೆ 960 ನ್ಯೂಟನ್. ಮರದ ಮುಖ 6 ಚದರ ಮೀಟರ್, ಎಲೆಗಳು ಬಾಗಿ ಗಾಳಿಯನ್ನು ಬಿಟ್ಟುಕೊಡುವುದರಿಂದ ತಡೆ ಗುಣಾಂಕ 0.4 ಎಂದುಕೊಂಡರೆ 2.3 ಕಿಲೋನ್ಯೂಟನ್, ಸುಮಾರು 235 ಕಿ.ಗ್ರಾಂ ತಳ್ಳು. ಕಟ್ಟಡದ ಮೂಲೆಯಲ್ಲಿ ಗಾಳಿ ಒಂದೂವರೆ ಪಟ್ಟು ವೇಗ ಪಡೆದರೆ ತಳ್ಳು 2.25 ಪಟ್ಟಾಗಿ 530 ಕಿ.ಗ್ರಾಂ ಆಗುತ್ತದೆ. ಮೂಲೆಯಲ್ಲಿ ಮರ ಹಾಕಬೇಡಿ ಎನ್ನುವುದು ಇದಕ್ಕೇ.

ಹೊಸದಾಗಿ ನೆಟ್ಟ ಮರವನ್ನು ಹಿಡಿದಿಡುವುದು ಅದರ ಬೇರಿನ ಉಂಡೆ ಮಾತ್ರ. 900 ಮಿ.ಮೀ. ಅಗಲ, 700 ಮಿ.ಮೀ. ಆಳದ ಉಂಡೆಯ ತೂಕ ಸುಮಾರು 580 ಕಿ.ಗ್ರಾಂ, ಉರುಳದಂತೆ ಅದು ಕೊಡುವ ತಡೆ 260 ಕಿ.ಗ್ರಾಂ-ಮೀಟರ್. ಮೇಲಿನ 235 ಕಿ.ಗ್ರಾಂ ತಳ್ಳು, ಉಂಡೆಯ ತಳದಿಂದ 3.2 ಮೀಟರ್ ಮೇಲೆ ಬಿದ್ದರೆ ಉರುಳಿಸುವ ಬಲ 750. ಕಟ್ಟದಿದ್ದರೆ ಮರ ಬೀಳುತ್ತದೆ, ಇದರಲ್ಲಿ ಅನುಮಾನವಿಲ್ಲ.

ಕಟ್ಟುವ ಬಗೆ ಹೀಗೆ. ಬಸಿಯುವ ಪದರದ ಮೇಲೆ, ಮಣ್ಣಿನ ಕೆಳಗೆ ತೊಟ್ಟಿಯ ಉದ್ದಗಲಕ್ಕೂ ಗ್ಯಾಲ್ವನೈಸ್ ಮಾಡಿದ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ವೆಲ್ಡ್ ಮೆಶ್ ಹಾಸಿ. ಬೇರಿನ ಉಂಡೆಯ ಮೇಲೆ ಎರಡು ಮೂರು ಪಟ್ಟಿಗಳನ್ನು ಹಾಯಿಸಿ ಆ ಮೆಶ್‌ಗೆ ರ‍್ಯಾಚೆಟ್ ಹಾಕಿ ಬಿಗಿಯಿರಿ. ನಾಲ್ಕು ಟನ್ ಮಣ್ಣೇ ಮೆಶ್ಶನ್ನು ಒತ್ತಿ ಹಿಡಿಯುತ್ತದೆ. ಸ್ಲ್ಯಾಬಿಗೆ ಬೋಲ್ಟ್ ಕೊರೆಯುವ, ವಾಟರ್‌ಪ್ರೂಫಿಂಗ್ ತೂತು ಮಾಡುವ ಪ್ರಮೇಯವೇ ಇಲ್ಲ. ಎರಡನೆಯದು ಸುರಕ್ಷತಾ ಕೇಬಲ್: ಕಾಂಡದ ಮಧ್ಯಭಾಗಕ್ಕೆ 50 ಮಿ.ಮೀ. ಅಗಲದ ರಬ್ಬರ್ ಪಟ್ಟಿ, ಅಲ್ಲಿಂದ ಗೋಡೆಯಲ್ಲೋ ಮೇಲಿನ ಸ್ಲ್ಯಾಬಿನ ತಳದಲ್ಲೋ ಹೂತಿಟ್ಟ ಕೊಂಡಿಗೆ ಸ್ಟೀಲ್ ಹಗ್ಗ. ಈ ಹಗ್ಗವನ್ನು ಬಿಗಿಯಬಾರದು, 100–150 ಮಿ.ಮೀ. ಸಡಿಲ ಬಿಡಿ. ಗಾಳಿಗೆ ತೂಗಾಡಿದಾಗಲೇ ಕಾಂಡ ದಪ್ಪವಾಗುವುದು, ಬೇರು ಗಟ್ಟಿಯಾಗುವುದು. ಕೇಬಲ್ಲಿನ ಕೆಲಸ ಮರವನ್ನು ನೆಟ್ಟಗೆ ನಿಲ್ಲಿಸುವುದಲ್ಲ, ಮುರಿದರೂ ಬೀದಿಗೆ ಬೀಳದಂತೆ ಹಿಡಿಯುವುದು. ಹೆಚ್ಚು ಗಾಳಿ ಬೀಳುವ ಜಾಗಗಳಲ್ಲಿ ಬೇರಿನ ಉಂಡೆಗೆ ಸ್ಟೀಲಿನ ಪಂಜರವನ್ನೂ ಸೇರಿಸುತ್ತಾರೆ. ಕಟ್ಟಡದ ಮಾದರಿಯನ್ನು ಗಾಳಿ ಸುರಂಗದಲ್ಲಿ ಪರೀಕ್ಷಿಸುವಾಗ ಮರದ ಜಾಗಗಳಲ್ಲೂ ವೇಗ ಅಳೆಯಲು ಹೇಳಿ. ಯಾವ ತೊಟ್ಟಿಗೆ ಯಾವ ಕಟ್ಟು ಎಂಬುದು ಆ ಅಂಕಿಗಳಿಂದಲೇ ತೀರ್ಮಾನವಾಗಬೇಕು.

ಹಂತ 6: ತೊಟ್ಟಿಯ ಒಳಪದರ, ಕೆಳಗಿನಿಂದ ಮೇಲಕ್ಕೆ

ಸೋರಿಕೆ ಬಂದರೆ ನಾಲ್ಕು ಟನ್ ಮಣ್ಣು ಹೊರತೆಗೆಯಬೇಕು. ಆದ್ದರಿಂದ ಇಲ್ಲಿ ಅವಸರ ಬೇಡ.

ತೊಟ್ಟಿಗೆ ನಾಲ್ಕೂ ಕಡೆ ತನ್ನದೇ ಗೋಡೆ ಇರಲಿ. ಮನೆಯ ಗೋಡೆಯನ್ನೇ ತೊಟ್ಟಿಯ ಗೋಡೆ ಮಾಡಿಕೊಂಡರೆ ತೇವ ಮಲಗುವ ಕೋಣೆಗೆ ಬರುತ್ತದೆ. ನೆಲಕ್ಕೆ 2% ವಾಟ, ಮೂಲೆಗಳಿಗೆ ಗಾರೆಯಿಂದ ದುಂಡು ಕೊಟ್ಟು, ಕಾಂಕ್ರೀಟ್ ಚೆನ್ನಾಗಿ ಒಣಗಿದ ಮೇಲೆ ವಾಟರ್‌ಪ್ರೂಫಿಂಗ್ ಪದರ. ಅದು ಗೋಡೆಯ ನೆತ್ತಿಯವರೆಗೂ ಏರಿ ಮುಚ್ಚುಕಲ್ಲಿನ ಕೆಳಗೆ ಮಡಚಬೇಕು. ಮಣ್ಣಿನ ಮಟ್ಟಕ್ಕೇ ನಿಲ್ಲಿಸಿದರೆ ಅಲ್ಲಿಂದಲೇ ನೀರು ಹಿಂದೆ ನುಗ್ಗುತ್ತದೆ. ಬಸಿಯುವ ಕಿಂಡಿ ಒಂದಲ್ಲ, ಎರಡು; ವ್ಯಾಸ 75 ಮಿ.ಮೀ.ಗೆ ಕಡಿಮೆ ಬೇಡ. ಎರಡೂ ಕಟ್ಟಿಕೊಂಡ ದಿನಕ್ಕೆಂದು ಗೋಡೆಯಲ್ಲಿ ಒಂದು ತುಂಬಿಹರಿವ ಕಿಂಡಿ. ಅದರ ತುಟಿ ವಾಟರ್‌ಪ್ರೂಫಿಂಗ್ ಮೇಲಂಚಿಗಿಂತ ಕೆಳಗಿರಲಿ, ನೀರು ಬೀಳುವುದು ಮನೆಯವರ ಕಣ್ಣಿಗೆ ಕಾಣುವಂತಿರಲಿ.

ಈಗ ಕಿಂಡಿ ಮುಚ್ಚಿ ತೊಟ್ಟಿ ತುಂಬ ನೀರು ನಿಲ್ಲಿಸಿ. 48 ಗಂಟೆ ಕನಿಷ್ಠ, 72 ಗಂಟೆ ಒಳ್ಳೆಯದು. ನೀರಿನ ಮಟ್ಟಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಒಂದು ಬಕೆಟ್ ನೀರನ್ನೂ ಇಟ್ಟು ಗೆರೆ ಎಳೆಯಿರಿ. ಬಕೆಟ್ಟಿನಲ್ಲಿ ಇಳಿದಷ್ಟೇ ತೊಟ್ಟಿಯಲ್ಲೂ ಇಳಿದಿದ್ದರೆ ಅದು ಆವಿ. ಹೆಚ್ಚಿಗೆ ಇಳಿದಿದ್ದರೆ ಸೋರಿಕೆ. ಕೆಳಗಿನ ಸ್ಲ್ಯಾಬಿನ ತಳವನ್ನೂ ಕೈ ಮುಟ್ಟಿ ನೋಡಿ.

ಪರೀಕ್ಷೆ ಪಾಸಾದ ಮೇಲೆ ಬೇರುತಡೆ ಹಾಳೆ: 1 ಮಿ.ಮೀ. ದಪ್ಪದ ಎಚ್‌ಡಿಪಿಇ ಪ್ಲಾಸ್ಟಿಕ್, ಸೇರುವಲ್ಲಿ ಬಿಸಿಯಿಂದ ಬೆಸುಗೆ ಹಾಕಿದ್ದು. ಟೇಪ್ ಹಚ್ಚಿದರೆ ಸಾಲದು. ಬೇರಿನ ತುದಿಗೆ ಕೂದಲೆಳೆಯ ಸಂದು ಸಾಕು. ಬರೀ ಬಿಟುಮೆನ್ ಹಾಳೆ ಬೇರನ್ನು ತಡೆಯದು, ಬೇರು ಅದನ್ನು ಸೀಳಿಕೊಂಡು ಹೋಗುತ್ತದೆ. ಅದರ ಮೇಲೆ ರಕ್ಷಣೆಯ ಬಟ್ಟೆ, 30–50 ಮಿ.ಮೀ. ಬಸಿಯುವ ಪದರ, ಆಮೇಲೆ ಜಿಯೋಟೆಕ್ಸ್‌ಟೈಲ್ ಸೋಸುಬಟ್ಟೆ. ಸೋಸುಬಟ್ಟೆಯನ್ನು ಗೋಡೆಗುಂಟ ಮಣ್ಣಿನ ಮಟ್ಟದವರೆಗೂ ಎತ್ತಿ. ಇಲ್ಲದಿದ್ದರೆ ಅಂಚಿನಿಂದ ಮಣ್ಣು ಇಳಿದು ಪದರ ಕಟ್ಟಿಕೊಳ್ಳುತ್ತದೆ. ಪ್ರತಿ ಕಿಂಡಿಯ ಮೇಲೂ 250 ಮಿ.ಮೀ. ಚೌಕದ, ತೂತುಗಳಿರುವ ಪೆಟ್ಟಿಗೆಯನ್ನು ಮಣ್ಣಿನ ಮೇಲ್ಮಟ್ಟದವರೆಗೆ ನಿಲ್ಲಿಸಿ ಮುಚ್ಚಳ ಹಾಕಿ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಕಿಂಡಿ ಕಾಣಬೇಕು. ಈ ಪೆಟ್ಟಿಗೆ ಇಲ್ಲದ ತೊಟ್ಟಿಯಲ್ಲಿ ಕಿಂಡಿ ಕಟ್ಟಿದ್ದು ಗೊತ್ತಾಗುವುದು ಮರ ಹಳದಿಯಾದ ಮೇಲೆಯೇ.

ಹಂತ 7: ಮಣ್ಣು

ತೋಟದ ಮಣ್ಣು ಭಾರ, ಜೊತೆಗೆ ಕೆಳಗೆ ಗಟ್ಟಿಯಾಗಿ ಕೂತು ಗಾಳಿ ಬಿಡುವುದಿಲ್ಲ. ಬರೀ ಕಾಂಪೋಸ್ಟ್, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದರೆ ಹಗುರವೇನೋ ಸರಿ, ಕೆಲವೇ ವರ್ಷದಲ್ಲಿ ಕೊಳೆತು ಮಟ್ಟ ಗೇಣುದ್ದ ಇಳಿಯುತ್ತದೆ, ಮರವೂ ಅದರೊಂದಿಗೆ ಇಳಿಯುತ್ತದೆ. ಸರಿಯಾದ ಮಿಶ್ರಣದ ಬೆನ್ನೆಲುಬು ಕೊಳೆಯದ ಹಗುರ ಕಲ್ಲು: ಪ್ಯೂಮಿಸ್, ಲಾವಾ ಕಲ್ಲು ಅಥವಾ ಸುಟ್ಟು ಉಬ್ಬಿಸಿದ ಜೇಡಿಯ ಉಂಡೆ, 4ರಿಂದ 10 ಮಿ.ಮೀ. ಗಾತ್ರದ್ದು. ಮೇಲಿನ 300 ಮಿ.ಮೀ.ಗೆ ಹಗುರ ಕಲ್ಲು 60, ದಪ್ಪ ಮರಳು 15, ತೊಳೆದ ಕೊಕೊಪೀಟ್ 15, ಮಾಗಿದ ಕಾಂಪೋಸ್ಟ್ 10 ಪಾಲು. ಅದಕ್ಕಿಂತ ಕೆಳಗೆ ಹಗುರ ಕಲ್ಲು 75, ಮರಳುಮಿಶ್ರಿತ ಗೋಡು 20, ಕೊಕೊಪೀಟ್ 5. ಕೆಳಪದರಕ್ಕೆ ಕಾಂಪೋಸ್ಟ್ ಬೇಡವೇ ಬೇಡ. ಗಾಳಿಯಾಡದ ಆಳದಲ್ಲಿ ಅದು ಹುಳಿತು ನಾರುತ್ತದೆ, ಬೇರನ್ನು ಕೊಲ್ಲುತ್ತದೆ.

ಲಾರಿಯಲ್ಲಿ ಬಂದ ಪ್ರತಿ ಕಂತನ್ನೂ ತೂಗಿ. ತಳದಲ್ಲಿ ತೂತಿರುವ 10 ಲೀಟರ್ ಬಕೆಟ್ಟಿಗೆ ಮಿಶ್ರಣ ತುಂಬಿ, ನೀರಲ್ಲಿ ಪೂರ್ತಿ ನೆನೆಸಿ, ಎರಡು ಗಂಟೆ ಬಸಿಯಲು ಬಿಡಿ. ಬಕೆಟ್ಟಿನ ತೂಕ ಕಳೆದು 13 ಕಿ.ಗ್ರಾಂ ಮೀರಿದರೆ ಆ ಲಾರಿಯನ್ನು ವಾಪಸ್ ಕಳಿಸಿ. ತುಂಬುವಾಗ 200 ಮಿ.ಮೀ. ಪದರಗಳಲ್ಲಿ ಹಾಕಿ, ಹಗುರವಾಗಿ ಒತ್ತಿ, ಪ್ರತಿ ಪದರಕ್ಕೂ ನೀರು ಕೊಟ್ಟು ಕೂರಿಸಿ. ಘನ ಮೀಟರಿಗೆ 2ರಿಂದ 3 ಕಿ.ಗ್ರಾಂ ನಿಧಾನವಾಗಿ ಕರಗುವ ಗೊಬ್ಬರ ಮೇಲುಪದರಕ್ಕೆ. ಕೊನೆಗೆ 50 ಮಿ.ಮೀ. ಕಲ್ಲಿನ ಮುಚ್ಚಿಗೆ. ಮರದ ಚಕ್ಕೆ ಎತ್ತರದಲ್ಲಿ ಹಾರಿಹೋಗುತ್ತದೆ, ಒಣಗಿದರೆ ಬೆಂಕಿಗೂ ಆಹಾರ.

ಹಂತ 8: ನೀರು

ಒಂದು ಚದರ ಮೀಟರಿಗೆ ಒಂದು ಮಿ.ಮೀ. ನೀರೆಂದರೆ ಒಂದು ಲೀಟರ್. ಬಿಸಿಲು ಜೋರಾದ ದಿನದ ಆವಿಯ ಅಂದಾಜು 6 ಮಿ.ಮೀ., ಗಿಡದ ಗುಣಾಂಕ (ಅದರಲ್ಲಿ ಗಿಡ ಬಳಸುವ ಪಾಲು) 0.6 ಎಂದರೆ ನಮ್ಮ 4.9 ಚದರ ಮೀಟರ್ ಹರವಿನ ಮರಕ್ಕೆ ದಿನಕ್ಕೆ 18 ಲೀಟರ್. ಬುಡದ ಗಿಡಗಳಿಗೆ 10. ಇಂಥ 150 ತೊಟ್ಟಿಗಳಿಗೆ ದಿನಕ್ಕೆ 4,200 ಲೀಟರ್. ಎರಡು ದಿನದ ದಾಸ್ತಾನಿಗೆ 8,500 ಲೀಟರಿನ ಪ್ರತ್ಯೇಕ ಟ್ಯಾಂಕ್ ಇಡಿ; ಗಾಳಿ ಹೆಚ್ಚಿರುವ ಮೇಲಿನ ಮಹಡಿಗಳಿಗೆ ಲೆಕ್ಕಕ್ಕಿಂತ ಹೆಚ್ಚು ಕೊಡಬೇಕಾಗುತ್ತದೆ.

ನೀರು ಪ್ರತಿ 10 ಮೀಟರ್ ಕೆಳಗಿಳಿದಂತೆ ಒತ್ತಡ ಒಂದು ಬಾರ್ ಏರುತ್ತದೆ. 100 ಮೀಟರ್ ಕಟ್ಟಡದ ಮಾಳಿಗೆಯ ಟ್ಯಾಂಕಿನಿಂದ ಬಂದ ನೀರು ಕೆಳಮಹಡಿಯಲ್ಲಿ 10 ಬಾರ್. ಹನಿಹನಿಯಾಗಿ ನೀರು ಬಿಡುವ ಡ್ರಿಪ್ಪರ್ ಕೆಲಸ ಮಾಡುವುದು 1ರಿಂದ 3 ಬಾರಿನಲ್ಲಿ. ಆದ್ದರಿಂದ ಪ್ರತಿ 20 ಮೀಟರಿಗೊಂದು ವಲಯ. ವಲಯಕ್ಕೊಂದು ಒತ್ತಡ ತಗ್ಗಿಸುವ ವಾಲ್ವ್, 120 ಮೆಶ್ (ಅಂಗುಲಕ್ಕೆ 120 ಕಣ್ಣುಗಳ) ಫಿಲ್ಟರ್, ನೀರಿನ ಮೀಟರ್. ಕುಡಿಯುವ ನೀರಿನ ಪೈಪಿಗೆ ಸೇರಿದ್ದರೆ ಹಿಮ್ಮುಖ ಹರಿವು ತಡೆವ ವಾಲ್ವ್ ಕಡ್ಡಾಯ. ಡ್ರಿಪ್ಪರ್‌ಗಳು ಒತ್ತಡ ಸರಿದೂಗಿಸುವಂಥವು, ಪಂಪ್ ನಿಂತಾಗ ತಾವೇ ಮುಚ್ಚಿಕೊಳ್ಳುವಂಥವು ಆಗಿರಲಿ. ಇಲ್ಲದಿದ್ದರೆ ಪೈಪಿನಲ್ಲಿ ಉಳಿದ ನೀರೆಲ್ಲ ವಲಯದ ಅತಿ ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಆ ಮರವೊಂದು ಸದಾ ಕೆಸರಲ್ಲಿ, ಮೇಲಿನದು ಬಾಯಾರಿಕೆಯಲ್ಲಿ.

ತೊಟ್ಟಿಗೆ ಎರಡು ಸುತ್ತು ಪೈಪ್ ಹಾಕಿ, ಒಂದು ಬೇರಿನ ಉಂಡೆಯ ಮೇಲೆ, ಇನ್ನೊಂದು ಸುತ್ತಲಿನ ಮಣ್ಣಿಗೆ. ಹೊಸ ಮರಗಳು ಸಾಯುವ ಅತಿ ಸಾಮಾನ್ಯ ಕಾರಣ ಇಲ್ಲಿದೆ. ತೊಟ್ಟಿಯ 3.1 ಘನ ಮೀಟರ್ ಮಣ್ಣಿನಲ್ಲಿ ಗಿಡಕ್ಕೆ ದಕ್ಕುವ ನೀರು 600 ಲೀಟರಿನಷ್ಟಿದ್ದರೂ ಮೊದಲ ವರ್ಷ ಬೇರು ಇರುವುದು ಉಂಡೆಯೊಳಗೆ ಮಾತ್ರ. ಅಲ್ಲಿ ದಕ್ಕುವುದು 90 ಲೀಟರ್, ಐದು ದಿನದ ನೀರು. ತೇವ ಸೆನ್ಸರನ್ನು ಸುತ್ತಲಿನ ಮಣ್ಣಿಗೆ ಚುಚ್ಚಿದ್ದರೆ ಅದು ‘ಒದ್ದೆಯಿದೆ’ ಎನ್ನುತ್ತಲೇ ಇರುತ್ತದೆ, ಉಂಡೆ ಒಣಗಿ ಮರ ಬಾಡುತ್ತದೆ. ಸೆನ್ಸರ್ ಒಂದು ಉಂಡೆಯೊಳಗೆ, ಇನ್ನೊಂದು ತೊಟ್ಟಿಯ ತಳದಲ್ಲಿ: ಮೊದಲನೆಯದು ಒಣಗಿದ್ದನ್ನು, ಎರಡನೆಯದು ನೀರು ನಿಂತದ್ದನ್ನು ಹೇಳುತ್ತದೆ.

ಗಂಟೆಗೆ 2 ಲೀಟರಿನ 12 ಡ್ರಿಪ್ಪರ್ ಇದ್ದರೆ 28 ಲೀಟರ್ ಕೊಡಲು 70 ನಿಮಿಷ. ಒಮ್ಮೆಲೇ ಬಿಡದೆ ಬೆಳಗಿನ ಜಾವದಲ್ಲಿ ಮೂರು ಕಂತು ಮಾಡಿ. ಹಗುರ ಮಿಶ್ರಣದಲ್ಲಿ ನೀರು ನೆಟ್ಟಗೆ ಕೆಳಗಿಳಿಯುವುದು ತಪ್ಪುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಕಿಂಡಿಯಿಂದ ನೀರು ಹೊರಬರುವವರೆಗೂ ಬಿಡಿ. ಡ್ರಿಪ್ ನೀರಿನ ಲವಣ ತೊಟ್ಟಿಯಲ್ಲೇ ಉಳಿಯುತ್ತದೆ, ಮಳೆ ತೊಳೆಯದ ಜಾಗದಲ್ಲಿ ಎಲೆಯಂಚು ಸುಟ್ಟಂತಾಗುವುದು ಅದರಿಂದಲೇ. ಮೀಟರ್ ಎಂದಿಗಿಂತ 20% ಹೆಚ್ಚು ಓಡಿದರೆ ಪೈಪ್ ಒಡೆದಿದೆ, ಕಡಿಮೆ ಓಡಿದರೆ ಫಿಲ್ಟರ್ ಕಟ್ಟಿದೆ. ಎರಡಕ್ಕೂ ಅಲಾರಂ ಇರಲಿ. ಇವೆಲ್ಲದರ ಜೊತೆಗೆ ಮಹಡಿಗೊಂದು ಸಾದಾ ನಲ್ಲಿ, ಕರೆಂಟ್ ಹೋದ ದಿನಕ್ಕೆ.

ಹಂತ 9: ಯಾವ ಮರ?

ಬಾಗುವ ಕೊಂಬೆ, ಸಣ್ಣ ಎಲೆ, ದಟ್ಟ ನಾರುಬೇರು, ಕತ್ತರಿ ತಾಳುವ ಗುಣ, ಹಗುರ ಹಣ್ಣು, ನಿಧಾನ ಬೆಳವಣಿಗೆ. ಈ ಆರೂ ಇರುವ ಮರವನ್ನು ಆ ಸೀಮೆಯ ಬಯಲಿನಲ್ಲಿ, ಗಾಳಿ ಹೊಡೆವ ಗುಡ್ಡದ ನೆತ್ತಿಯಲ್ಲಿ, ಕಡಲ ದಂಡೆಯಲ್ಲಿ ಹುಡುಕಿ. ಕಾಡಿನ ತಂಪಿನಲ್ಲಿ ಹುಟ್ಟಿದ್ದನ್ನು ಎತ್ತರಕ್ಕೆ ತರಬೇಡಿ. ಬೆಚ್ಚನೆಯ ಸೀಮೆಗಳಲ್ಲಿ ಬಾಟಲ್ ಬ್ರಷ್, ಕಾಮಿನಿ, ಬೋಗನ್‌ವಿಲ್ಲಾ ನಂಬಬಹುದಾದವು. ಕಣಗಿಲೆ ಗಾಳಿಗೆ ಗಟ್ಟಿ, ಆದರೆ ವಿಷ. ಮಕ್ಕಳ ಕೈಗೆ ಸಿಗುವಲ್ಲಿ ಬೇಡ. ಚಳಿಯ ಸೀಮೆಯಲ್ಲಿ ಬಿಸಿಲು ಬೀಳುವ ಮುಖಕ್ಕೆ ಎಲೆ ಉದುರಿಸುವ ಮರ ಹಾಕಿದರೆ ಚಳಿಗಾಲದಲ್ಲಿ ಬಿಸಿಲು ಮನೆಯೊಳಗೆ ಬರುತ್ತದೆ.

ಆಲ, ಅರಳಿ, ಅತ್ತಿಯ ಬಳಗವನ್ನು ಹತ್ತಿರವೂ ಬಿಡಬೇಡಿ. ಅವುಗಳ ಬೇರು ಸಣ್ಣ ಬಿರುಕನ್ನೇ ಹುಡುಕುತ್ತದೆ. ಹಕ್ಕಿಗಳು ತಂದು ಹಾಕಿದ ಅರಳಿ ಸಸಿಯನ್ನೂ ಕಂಡ ದಿನವೇ ಕೀಳಿಸಿ. ಹಬ್ಬುವ ಬಿದಿರಿನ ಗೆಡ್ಡೆ ಬೇರುತಡೆ ಹಾಳೆಯನ್ನೂ ಚುಚ್ಚುತ್ತದೆ. ದೇವಗಣಗಿಲೆ ಚೆಂದ, ಆದರೆ ಕೊಂಬೆ ಪುಟಕ್ಕನೆ ಮುರಿಯುವುದರಿಂದ ಕೆಳಮಹಡಿಗಳಿಗೆ ಮಾತ್ರ. ಒಂದೇ ಜಾತಿಯಿಂದ ಇಡೀ ಕಟ್ಟಡ ತುಂಬಿಸಬೇಡಿ, ಒಂದೇ ಕೀಟ ಎಲ್ಲವನ್ನೂ ತಿಂದೀತು.

ಹಂತ 10: ನರ್ಸರಿಯಿಂದ ತೊಟ್ಟಿಗೆ

ಮರಗಳನ್ನು ಕಟ್ಟಡ ಏಳುವ ಮೊದಲೇ ಕಾದಿರಿಸಿ, 12ರಿಂದ 24 ತಿಂಗಳು ಅದೇ ಹಗುರ ಮಿಶ್ರಣದಲ್ಲಿ, ಗೋಡೆಯಲ್ಲಿ ತೂತುಗಳಿರುವ ಕುಂಡದಲ್ಲಿ ಬೆಳೆಸಿ. ತೂತಿಗೆ ಬಂದ ಬೇರಿನ ತುದಿ ಗಾಳಿಗೆ ಒಣಗಿ, ಹಿಂದಿನಿಂದ ಕವಲೊಡೆಯುತ್ತದೆ. ಮಾಮೂಲಿ ಕುಂಡದಲ್ಲಿ ಅದು ಗೋಡೆಗುಂಟ ಸುತ್ತಿ, ಮುಂದೊಂದು ದಿನ ಕಾಂಡವನ್ನೇ ಬಿಗಿಯುತ್ತದೆ. ತೆಗೆದುಕೊಳ್ಳುವಾಗ ಕುಂಡ ಕಳಚಿ ನೋಡಿ: ಸುತ್ತಿದ ಬೇರು ಬೆರಳು ದಪ್ಪವಾಗಿದ್ದರೆ ಬೇಡವೆನ್ನಿ, ತೆಳುವಾಗಿದ್ದರೆ ನಾಲ್ಕು ಕಡೆ ಕೊಯ್ದು ಬಿಡಿಸಿ.

ಟವರ್ ಕ್ರೇನ್ ಬಿಚ್ಚುವ ಮೊದಲು ಮರ ಮೇಲೇರಬೇಕು. ನೀರಿನ ಪೈಪ್ ಅದಕ್ಕೂ ಮೊದಲೇ ಓಡುತ್ತಿರಬೇಕು. ಎತ್ತುವುದು ಉಂಡೆಗೆ ಪಟ್ಟಿ ಹಾಕಿ, ಕಾಂಡಕ್ಕಲ್ಲ. ಸಿಪ್ಪೆ ಸುಲಿದರೆ ಮರ ಹೋಯಿತು. ನೆಡುವಾಗ ಕಾಂಡ ಬೇರಾಗಿ ಅಗಲಗೊಳ್ಳುವ ಬುಡ ಮಣ್ಣಿನ ಮೇಲೆ ಕಾಣಲಿ, ಎರಡು ಮೂರು ಬೆರಳು ಎತ್ತರವೇ ಇರಲಿ. ಮಣ್ಣು ಹೇಗೂ ಸ್ವಲ್ಪ ಇಳಿಯುತ್ತದೆ.

ಮೊದಲ ಎರಡು ವರ್ಷ, ಮತ್ತು ಆಮೇಲೆ

ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಉಂಡೆಗೆ ಕೈ ಹಾಕಿ ನೋಡುವವರಿರಬೇಕು, ಸೆನ್ಸರ್ ಇದ್ದರೂ. ಆರು ತಿಂಗಳಿಗೊಮ್ಮೆ ಪಟ್ಟಿಗಳ ಬಿಗಿ, ವರ್ಷಕ್ಕೊಮ್ಮೆ ಕಾಂಡದ ರಬ್ಬರ್ ಪಟ್ಟಿ ಸಡಿಲಿಸುವುದು. ಕತ್ತರಿಯ ಗುರಿ ಅಂದವಲ್ಲ. ಹರವು ತೆಳುವಾಗಿಸಿ ಗಾಳಿ ಹಾಯುವಂತೆ ಮಾಡುವುದು, ಎತ್ತರವನ್ನು ಲೆಕ್ಕದ ಐದು ಮೀಟರಿನೊಳಗೆ ಹಿಡಿಯುವುದು. ಆರು ಚದರ ಮೀಟರ್ ಎಂದು ಲೆಕ್ಕ ಹಾಕಿದ ಮುಖ ಹತ್ತಾದರೆ ಐದನೇ ಹಂತದ ಅಂಕಿಗಳೆಲ್ಲ ಸುಳ್ಳಾಗುತ್ತವೆ.

ಸೊಳ್ಳೆಗೆ ಮೂಲ ನಿಂತ ನೀರು: ಕುಂಡದ ತಟ್ಟೆ, ಕಟ್ಟಿದ ಕಿಂಡಿ, ಎಲೆ ತುಂಬಿದ ಜಾಲರಿ. ವಾರಕ್ಕೊಂದು ಸಲ ಕಿಂಡಿಯ ಮೇಲಿನ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರೆ ಮುಕ್ಕಾಲು ಸಮಸ್ಯೆ ಮುಗಿಯಿತು.

ಹಸಿಯಾದ ಗಿಡ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಒಣಗಿದ್ದು ಹೊತ್ತುತ್ತದೆ. 2018ರಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಹಸಿರು ಗೋಡೆಗೆ ಬೆಂಕಿ ಬಿದ್ದಾಗ ಕಿಡಿ ಬಂದದ್ದು ವೆಲ್ಡಿಂಗ್ ಕೆಲಸದಿಂದ. ಒಣ ಕಡ್ಡಿ ಎಲೆ ತಿಂಗಳಿಗೊಮ್ಮೆ ತೆಗೆಯಿಸಿ, ಮೇಲಿನ ಕೊಂಬೆ ಮುಂದಿನ ಮಹಡಿಯ ಹಸಿರಿಗೆ ತಾಗದಂತೆ ಸವರಿ, ಕಿಟಕಿ ಬಾಗಿಲಿನ ಸುತ್ತ ಒಂದು ಮೀಟರಿನಷ್ಟು ಬರಿದಾಗಿಡಿ. ನೀರಿನ ವ್ಯವಸ್ಥೆ ಕೆಟ್ಟ ವಾರ ಕಟ್ಟಡದಲ್ಲಿ ವೆಲ್ಡಿಂಗ್ ಬೇಡ.

ಎಷ್ಟೇ ಜೋಪಾನ ಮಾಡಿದರೂ ಕೆಲವು ಮರ ಸಾಯುತ್ತವೆ. ಆಗ ಕ್ರೇನ್ ಇರುವುದಿಲ್ಲ. ಬದಲಿ ಮರದ ಉಂಡೆ 800 ಮಿ.ಮೀ. ಅಗಲ, 600 ಮಿ.ಮೀ. ಆಳ ಎಂದಿಟ್ಟುಕೊಳ್ಳಿ: ಸಾದಾ ಮಣ್ಣಾದರೆ 500 ಕಿ.ಗ್ರಾಂ, ಹಗುರ ಮಿಶ್ರಣವಾದರೆ 400. ಸರ್ವಿಸ್ ಲಿಫ್ಟಿನ ಬಾಗಿಲು 900 ಮಿ.ಮೀ.ಗಿಂತ ಅಗಲವಿದ್ದು, 1,000 ಕಿ.ಗ್ರಾಂ ಹೊರುವಂತಿದ್ದರೆ ಗಾಲಿಹಲಗೆಯ ಮೇಲೆ ಅದು ಹೋಗುತ್ತದೆ. ಕೊಂಬೆಗಳನ್ನು ಮೇಲಕ್ಕೆ ಸುತ್ತಿ ಕಟ್ಟಿದರೂ ಎರಡೂವರೆ ಮೀಟರಿಗಿಂತ ಎತ್ತರದ ಮರ ಲಿಫ್ಟಿಗೆ ಹಿಡಿಯದು. ಓರೆಯಾಗಿ ಒರಗಿಸಿದರೆ ಮೂರು ಮೀಟರ್. ಆಮೇಲೆ ಓಣಿಯ ತಿರುವು, ಮನೆಯ ಬಾಗಿಲು, ಬಾಲ್ಕನಿಯ ಬಾಗಿಲು. ನಕ್ಷೆಯ ಹಂತದಲ್ಲೇ 800 ಮಿ.ಮೀ. ವೃತ್ತವೊಂದನ್ನು ಕಾಗದದಲ್ಲಿ ಕತ್ತರಿಸಿ ಲಿಫ್ಟಿನಿಂದ ತೊಟ್ಟಿಯವರೆಗೆ ಸರಿಸುತ್ತ ಹೋಗಿ. ಅದು ಎಲ್ಲಿ ಸಿಕ್ಕಿಕೊಳ್ಳುತ್ತದೋ ಆ ಬಾಗಿಲನ್ನು ಆಗಲೇ ಅಗಲ ಮಾಡಿಸಿ.